ಟ್ರಂಕಿನೊಳಗಿನ ಅಳತೆ ರವಿಕೆ

ನನ್ನ ಹೆಂಡತಿ ವಾರಿಜಳ ಹತ್ತಿರ ಅವಳ ಮೈಗೆ ಸರಿಯಾಗಿ ಕೂರುವ ರವಿಕೆ ಒಂದೇ ಒಂದಿದೆ. ಅದನ್ನು ಅವಳು ತೊಡುವುದಿಲ್ಲ.

ನಗಬೇಡಿ. ಮೊದಲು ನಿಮ್ಮ ಮನೆಯ ಟ್ರಂಕು ತೆರೆದು ನೋಡಿ, ಆಮೇಲೆ ನಗಿ. ಎಲ್ಲಕ್ಕಿಂತ ಕೆಳಗೆ, ನುಸಿಗುಳಿಗೆಯ ಪಕ್ಕದಲ್ಲಿ, ಹಳೆಯ ಪತ್ರಿಕೆಯಲ್ಲಿ ಸುತ್ತಿದ (ಈ ಅಂಕಣದ ಗತಿಯೂ ಅದೇ ಎಂದು ನನಗೆ ಗೊತ್ತು) ಒಂದು ರವಿಕೆ ಇದ್ದೇ ಇರುತ್ತದೆ. ಅದು ಅಳತೆ ರವಿಕೆ. ನಮ್ಮ ಊರಿನ ದರ್ಜಿಗಳು ಹೆಂಗಸರ ಮೈಗೆ ಟೇಪು ಹಿಡಿಯುವುದಿಲ್ಲ. ಸರಿಯಾಗಿ ಕೂರುವ ಒಂದು ರವಿಕೆಯನ್ನು ಗಂಡನ ಕೈಯಲ್ಲಿ ಕೊಟ್ಟು ಕಳಿಸಬೇಕು. ದರ್ಜಿ ಅದನ್ನು ಮೇಜಿನ ಮೇಲೆ ಹರವಿ, ಅದರ ಪ್ರಕಾರ ಹೊಸದನ್ನು ಕತ್ತರಿಸುತ್ತಾನೆ.

"ಒಂದು ಸಲವಾದರೂ ಅದನ್ನು ತೊಡಬಾರದೇ?" ಎಂದು ನಾನು ಕೇಳಿದ್ದೆ.

"ತೊಟ್ಟರೆ ಬಟ್ಟೆ ಎಳೆದು ಅಳತೆ ಹಾಳಾಗ್ತದೆ. ಇಷ್ಟೂ ಗೊತ್ತಿಲ್ಲದೆ ಕಾಲೇಜಿನಲ್ಲಿ ಎಂತ ಕಲಿಸ್ತೀರಿ ನೀವು?"

ಕಾಲೇಜಿನಲ್ಲಿ ನಾನು ಕಲಿಸುವುದು ತರ್ಕಶಾಸ್ತ್ರ. ಯಾವುದನ್ನೂ ಪರೀಕ್ಷಿಸದೆ ನಂಬಬೇಡಿ ಎಂದು ಮದ್ರಾಸಿನಲ್ಲಿ ನನ್ನ ಪ್ರೊಫೆಸರರು ನನಗೆ ಹೇಳಿದ್ದನ್ನು ನಾನು ಇಲ್ಲಿ ಇತರರಿಗೆ ಹೇಳುತ್ತೇನೆ. (ಪ್ರೊಫೆಸರರು ಹೇಳಿದ್ದು ಹೀಗೆಯೇ ಎಂಬುದು ನನ್ನ ನೆನಪು. ನನ್ನ ನೆನಪಿನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯವಿಲ್ಲ. ಹಿಂದೊಮ್ಮೆ ಇದೇ ಅಂಕಣದಲ್ಲಿ ನಾನು ಮರೆತು ಬಂದ ಛತ್ರಿಯ ಬಗ್ಗೆ ಬರೆದಾಗ ನಿಮಗೂ ಅದು ಗೊತ್ತಾಗಿರಬೇಕು.)

ವಿಷಯಕ್ಕೆ ಬರುತ್ತೇನೆ. ಮೊನ್ನೆ ಭಾನುವಾರ ಕಾವೂರಿನಲ್ಲಿ ವಾರಿಜಳ ತಂಗಿ ಸುಗಂಧಿಯ ಮದುವೆ. ಮದುಮಗಳ ಅಕ್ಕ ಎಂಬ ಕಾರಣಕ್ಕೆ ವಾರಿಜ ಚಪ್ಪರದಲ್ಲಿ ಎಲ್ಲರ ಎದುರು ಆರತಿ ಎತ್ತಬೇಕು. ಆರತಿ ಎತ್ತುವುದೆಂದರೆ ಕೈ ಎತ್ತುವುದು. ಕಳೆದ ವರ್ಷ ಒಂದು ಸೀಮಂತದಲ್ಲಿ ಅವಳು ಹೀಗೇ ಕೈ ಎತ್ತಿದಾಗ ಕಂಕುಳ ಹತ್ತಿರ 'ಪರ್ರ್' ಎಂದಿತ್ತು. ಶೋಭಾನೆ ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. ಆರತಿ ಮುಗಿಯುವವರೆಗೆ ಅವಳು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ತಟ್ಟೆ ತಿರುಗಿಸಿದಳಂತೆ, ಕಾಯಿ ತುರಿಯುವವರ ಹಾಗೆ. ಆ ಕಥೆ ಕಾವೂರಿನಿಂದ ಬಜಪೆಯವರೆಗೆ ಹೋಗಿ, ಅಲ್ಲಿಂದ ವಿಮಾನ ಹತ್ತಿ ಮುಂಬಯಿಗೂ ತಲುಪಿದೆ.

"ಈ ಸಲವೂ ರವಿಕೆ ಹಾಗೇ ಬಂದರೆ ನಾನು ಚಪ್ಪರಕ್ಕೆ ಕಾಲಿಡುವುದಿಲ್ಲ, ಅಡಿಗೆಯವರ ಜೊತೆ ಕೂತುಕೊಳ್ತೇನೆ," ಎಂದಳು ವಾರಿಜ. ನಗುತ್ತಾ ಹೇಳಿದಳು. ಆದರೆ ಕಣ್ಣು ನಗಲಿಲ್ಲ.

ನಾನು ಆಧುನಿಕ ಮನುಷ್ಯ. ರೆಡಿಮೇಡ್ ತರುವ ಎಂದೆ. ಮುಂಬಯಿಯಲ್ಲಿರುವ ಅವಳ ಅಣ್ಣ ಹಿಂದೊಮ್ಮೆ ಕಳಿಸಿದ ರೆಡಿಮೇಡ್ ರವಿಕೆ ಮನೆಯಲ್ಲಿತ್ತು. ಕುತ್ತಿಗೆಯ ಹಿಂದಿನ ಚೀಟಿಯಲ್ಲಿ ಮೂವತ್ತನಾಲ್ಕು ಎಂದಿತ್ತು. ಅದು ಅವಳ ಮೊಣಕೈ ದಾಟಿರಲಿಲ್ಲ. ಹಂಪನಕಟ್ಟೆಯ ಅಂಗಡಿಯೊಂದಕ್ಕೆ ಹೋಗಿ ಇನ್ನೊಂದು ಮೂವತ್ತನಾಲ್ಕು ಕೊಂಡುಬಂದೆ. ಅದರೊಳಗೆ ವಾರಿಜಳ ಜೊತೆ ನಾನೂ ಹಿಡಿಸುತ್ತಿದ್ದೆ.

ಎರಡನ್ನೂ ಒಯ್ದು ಅಂಗಡಿಯವನಿಗೆ ಕೇಳಿದೆ: "ಎರಡೂ ಮೂವತ್ತನಾಲ್ಕು. ಇದು ಹೇಗೆ ಸಾಧ್ಯ?"

ಅವನು ಎರಡನ್ನೂ ಎತ್ತಿ ಬೆಳಕಿಗೆ ಹಿಡಿದ. "ಇದು ಮುಂಬಯಿ ಮೂವತ್ತನಾಲ್ಕು. ಇದು ಮದ್ರಾಸ್ ಮೂವತ್ತನಾಲ್ಕು."

"ಮಂಗಳೂರಿನ ಮೂವತ್ತನಾಲ್ಕು?"

"ಅದು ಬರುವುದಿಲ್ಲ ಸರ್. ಇಲ್ಲಿ ಎಲ್ಲರೂ ಹೊಲಿಸುವುದಲ್ವಾ?"

ಸರಕಾರ ಗಜವನ್ನು ತೆಗೆದು ಮೀಟರು ತಂದಿದೆ. ಸೇರು ಹೋಗಿ ಕಿಲೋ ಬಂದಿದೆ. ದೇಶದಾದ್ಯಂತ ಸಕ್ಕರೆ ಒಂದೇ ತೂಕ, ಸೀಮೆಎಣ್ಣೆ ಒಂದೇ ಅಳತೆ. ಹೆಂಗಸರ ರವಿಕೆಯ ಹತ್ತಿರ ಬರುವಾಗ ಮಾತ್ರ ಸರಕಾರಕ್ಕೂ ನಾಚಿಕೆಯೇ?

ಹಾಗಾಗಿ ಹೊಲಿಸುವುದೆಂದು ತೀರ್ಮಾನವಾಯಿತು. ಅತ್ತೆ ಮೂವರು ಹೆಣ್ಣುಮಕ್ಕಳಿಗೂ ಒಂದೇ ಥಾನಿನಿಂದ ನೇರಳೆ ರೇಷ್ಮೆಯ ರವಿಕೆ ಕಣ ಕತ್ತರಿಸಿ ತಂದಿದ್ದರು. ಥಾನು ಮುಗಿದಿತ್ತು. ಅಂದರೆ ಕತ್ತರಿಗೆ ಒಂದೇ ಅವಕಾಶ.

ಮಂಗಳವಾರ (ವಾರಿಜ ಇದನ್ನು ಓದಿ ಸೋಮವಾರ ಎನ್ನುತ್ತಿದ್ದಾಳೆ) ಅವಳು ಟ್ರಂಕು ತೆರೆದು ಅಳತೆ ರವಿಕೆಯ ಪೊಟ್ಟಣವನ್ನೂ ರೇಷ್ಮೆಯನ್ನೂ ನನ್ನ ಕೈಗಿಟ್ಟಳು. ಜೊತೆಗೆ ತಿದ್ದುಪಡಿಗಳು. ಎರಡು ಹೆರಿಗೆಯಾದ ಮೇಲೆ ಅಳತೆ ರವಿಕೆಗೆ ತಿದ್ದುಪಡಿ ಇಲ್ಲದೆ ನಡೆಯುವುದಿಲ್ಲ. ನಮ್ಮ ಸಂವಿಧಾನಕ್ಕೂ ಇಷ್ಟು ತಿದ್ದುಪಡಿ ಆಗಿಲ್ಲ.

"ತೋಳು ಅರ್ಧ ಇಂಚು ಬಿಗಿ. ಸೊಂಟ ಒಂದು ಇಂಚು ಸಡಿಲ. ಬರೆದುಕೊಳ್ಳಿ."

"ಎರಡು ವಾಕ್ಯ ನೆನಪಿಡಲು ಬರೆಯಬೇಕೇ?"

ಬರೆಯಬೇಕಿತ್ತು. ಬಸ್ಸು ಕಂಕನಾಡಿಗೆ ತಲುಪುವಾಗ ನನ್ನ ತಲೆಯಲ್ಲಿ ಅರ್ಧವೂ ಇತ್ತು, ಒಂದೂ ಇತ್ತು, ಬಿಗಿಯೂ ಇತ್ತು, ಸಡಿಲವೂ ಇತ್ತು. ಯಾವುದು ಯಾವುದರ ಜೊತೆ ಎಂಬುದು ಮಾತ್ರ ಇರಲಿಲ್ಲ. ಇಂಥ ಸಂದರ್ಭದಲ್ಲಿ ಸುಶಿಕ್ಷಿತನಾದವನು ಏನು ಮಾಡುತ್ತಾನೆ? ಸರಾಸರಿ ತೆಗೆಯುತ್ತಾನೆ.

"ಎಲ್ಲ ಮುಕ್ಕಾಲು ಇಂಚು ಸಡಿಲ," ಎಂದೆ ದರ್ಜಿಗೆ.

ದರ್ಜಿ ಹಸನಬ್ಬ. ಮನೆಯ ಜಗಲಿಯೇ ಅವನ ಅಂಗಡಿ. ಕುತ್ತಿಗೆಯಲ್ಲಿ ಟೇಪು, ಕಿವಿಯಲ್ಲಿ ಸೀಮೆಸುಣ್ಣದ ತುಂಡು. ಒಂಬತ್ತು ವರ್ಷದಿಂದ ನಮ್ಮ ಮನೆಯ ರವಿಕೆಗಳೆಲ್ಲ ಅವನ ಕೈಯದ್ದೇ, ಆ ಪರ್ರ್ ಎಂದದ್ದೂ ಸೇರಿ. ಅವನು ನನ್ನ ಮುಖವನ್ನೇ ನೋಡಿದ.

"ಮಾಷ್ಟ್ರೇ, ಇದು ಅವರು ಹೇಳಿದ್ದಾ, ನೀವು ಹೇಳುವುದಾ?"

"ಅವಳೇ ಹೇಳಿದ್ದು. ಹೆಚ್ಚು ಕಡಿಮೆ."

"ಹ್ಞಾಂ. ಆ ಹೆಚ್ಚು ಕಡಿಮೆಗೇ ನಾನು ಯಾವಾಗಲೂ ಅರ್ಧ ಇಂಚು ಬೇರೆ ಹಿಡಿಯುವುದು. ಗಂಡಸರು ಬಿಗಿ ಅಂದರೆ ಅರ್ಧ ಇಂಚು ಸಡಿಲ ಬಿಡ್ತೇನೆ. ಸಡಿಲ ಅಂದರೆ ಅರ್ಧ ಇಂಚು ಬಿಗಿ ಮಾಡ್ತೇನೆ."

"ಇದು ವಾರಿಜಳಿಗೆ ಗೊತ್ತುಂಟಾ?"

"ಹೇಳಲಿಕ್ಕೆ ಹೋದರೆ ಬೇಜಾರು ಮಾಡಿಕೊಳ್ತಾರೆ ಮಾರಾಯ್ರೆ. ಸುಮ್ಮನೆ ಮಾಡಿಬಿಡ್ತೇನೆ. ಬುಧವಾರ ಮಧ್ಯಾಹ್ನದ ನಮಾಜು ಮುಗಿಸಿ ಬಂದು ಕತ್ತರಿ ಹಾಕ್ತೇನೆ."

ಮನೆಗೆ ಬಂದು ಹಸನಬ್ಬನ ಈ ಗುಟ್ಟನ್ನು ವಾರಿಜಳಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಅವನು ಅರ್ಧ ಇಂಚು ಕಳ್ಳತನ ಮಾಡ್ತಾನೆ ಅಂತ ನನಗೆ ಗೊತ್ತುಂಟು. ಅದಕ್ಕೇ ನಾನು ಅರ್ಧ ಇಂಚು ತಪ್ಪು ಹೇಳಿ ಕಳಿಸುವುದು."

ಅಂದರೆ ನೋಡಿ. ಅವಳು ದರ್ಜಿಯನ್ನು ನಂಬದೆ ಅರ್ಧ ಇಂಚು ತಿರುಗಿಸುತ್ತಾಳೆ. ದರ್ಜಿ ನನ್ನನ್ನು ನಂಬದೆ ಅರ್ಧ ಇಂಚು ತಿರುಗಿಸುತ್ತಾನೆ. ನಾನು ನನ್ನ ನೆನಪನ್ನೇ ನಂಬದೆ ಸರಾಸರಿ ತೆಗೆಯುತ್ತೇನೆ. ಮೂವರಿಗೂ ಒಳ್ಳೆಯ ಮನಸ್ಸೇ. ಮೂವರ ಒಳ್ಳೆಯ ಮನಸ್ಸು ಸೇರಿ ಒಂಬತ್ತು ವರ್ಷದಲ್ಲಿ ಒಂದು ರವಿಕೆಯೂ ಸರಿಯಾಗಿಲ್ಲ. ಒಂದು ಚೀಲದಷ್ಟು ಸಡಿಲ, ಇನ್ನೊಂದು ಪರ್ರ್ ಎನ್ನುವಷ್ಟು ಬಿಗಿ.

"ಆದರೂ ಅಳತೆ ರವಿಕೆ ಒಂದು ಸರಿ ಇದೆಯಲ್ಲ," ಎಂದು ಸಮಾಧಾನ ಹೇಳಿದೆ. "ನಮ್ಮ ಮದುವೆಯ ದಿನ ನೀನು ಅದನ್ನೇ ತೊಟ್ಟಿದ್ದೆ. ಅಚ್ಚಿನಲ್ಲಿ ಹೊಯ್ದ ಹಾಗಿತ್ತು. ಅದೊಂದು ಮಾತ್ರ ನನಗೆ ಚೆನ್ನಾಗಿ ನೆನಪಿದೆ."

ಗೋಡೆಯ ಮೇಲೆ ಸಾಕ್ಷಿಯೂ ಇದೆ. ಸ್ಟುಡಿಯೋ ಫೋಟೋ. ನಾನು ಕುರ್ಚಿಯಲ್ಲಿ, ಅವಳು ಪಕ್ಕದಲ್ಲಿ ನಿಂತಿದ್ದಾಳೆ. ರವಿಕೆಯಲ್ಲಿ ಒಂದು ಸುಕ್ಕಿಲ್ಲ.

ಬುಧವಾರ ಬೆಳಿಗ್ಗೆ ಬಜಪೆಯಿಂದ ಗಿರಿಜಕ್ಕ ಬಂದಳು. ಗಿರಿಜಕ್ಕ ಎಂದರೆ ಮೂವರು ಅಕ್ಕತಂಗಿಯರಲ್ಲಿ ಹಿರಿಯಳು. ಗಾತ್ರದಲ್ಲೂ ಹಿರಿಯಳೇ, ಅದನ್ನು ಅವಳೇ ಹೇಳಿಕೊಳ್ಳುತ್ತಾಳೆ. ತನ್ನ ನೇರಳೆ ರವಿಕೆ ಹೊಲಿದಾಗಿದೆ ಎಂದು ತೋರಿಸಲು ತಂದಿದ್ದಳು. ಚಹಾ ಕುಡಿಯುತ್ತಾ ಫೋಟೋ ನೋಡಿ ನಕ್ಕಳು.

"ಅಯ್ಯೋ, ಇದರಲ್ಲಿ ನನ್ನ ರವಿಕೆ ಎಷ್ಟು ಚಂದ ಕಾಣ್ತದೆ!"

ವಾರಿಜ ತಟ್ಟೆ ಕೆಳಗಿಟ್ಟಳು. "ನಿನ್ನ ರವಿಕೆಯಾ?"

"ಮತ್ತೆ ಯಾರದ್ದು? ಅವತ್ತು ನಿನ್ನದು ಹೊಲಿದು ಬರಲೇ ಇಲ್ಲ. ಅಮ್ಮ ಅಳಲಿಕ್ಕೆ ಶುರು ಮಾಡಿದರು. ಗೊತ್ತಾದರೆ ನೀನೂ ಅಳ್ತೀ ಅಂತ ಹೇಳದೆ ನಾನು ನನ್ನದನ್ನು ತೊಡಿಸಿ, ಬೆನ್ನಿನಲ್ಲಿ ಮುಷ್ಟಿಯಷ್ಟು ಬಟ್ಟೆ ಹಿಡಿದು ನಾಲ್ಕು ಪಿನ್ನು ಹಾಕಿದೆ. ತೋಳಿಗೆ ಎರಡು."

"ಪಿನ್ನು ನನಗೆ ಗೊತ್ತಿತ್ತು," ಎಂದಳು ವಾರಿಜ ಸಣ್ಣ ಸ್ವರದಲ್ಲಿ. "ಅದು ಸೆರಗಿನದ್ದು ಅಂತ ಎಣಿಸಿದ್ದೆ."

"ಆಮೇಲೆ ಅದು ನಿನ್ನ ಹತ್ತಿರವೇ ಉಳಿಯಿತು. ಮದುಮಗಳು, ಇಟ್ಟುಕೊಳ್ಳಲಿ ಅಂತ ನಾನೂ ಕೇಳಲಿಲ್ಲ. ಈಗ ಎಲ್ಲಿ ಉಂಟು ಅದು?"

ಅದು ಹಸನಬ್ಬನ ಮೇಜಿನ ಮೇಲೆ ಉಂಟು. ಅದರ ಪಕ್ಕದಲ್ಲಿ ಕೊನೆಯ ರೇಷ್ಮೆ ಉಂಟು. ಅದರ ಪಕ್ಕದಲ್ಲಿ ಕತ್ತರಿ ಉಂಟು.

ಫೋಟೋವನ್ನು ಇನ್ನೊಮ್ಮೆ ನೋಡಿದೆ. ಒಂಬತ್ತು ವರ್ಷದಿಂದ ದಿನಾ ನೋಡುತ್ತಿದ್ದೇನೆ. ಫೋಟೋ ತೆಗೆಯುವುದು ಎದುರಿನಿಂದ ಮಾತ್ರ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಯಾವುದನ್ನೂ ಪರೀಕ್ಷಿಸದೆ ನಂಬಬೇಡಿ ಎಂದು ಬೋಧಿಸುವವನು ನಾನು!

ಗಂಟೆ ಹನ್ನೆರಡೂವರೆ. ನಾನು ಛತ್ರಿ ಹುಡುಕುವಷ್ಟರಲ್ಲಿ ವಾರಿಜ ಬಾಗಿಲು ದಾಟಿದ್ದಳು.

"ನೀನೂ ಬರುತ್ತೀಯಾ?"

"ನಿಮ್ಮ ಹತ್ತಿರ ಹೇಳಿ ಕಳಿಸಿದ್ದು ಸಾಕು."

ಹಸನಬ್ಬನ ಜಗಲಿ ಹತ್ತುವಾಗ ಅವನು ರೇಷ್ಮೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಮುಗಿಸಿದ್ದ. ಕೈಯಲ್ಲಿ ಕತ್ತರಿ ಬಾಯಿ ಬಿಟ್ಟಿತ್ತು.

"ನಿಲ್ಲಿಸು ಹಸನಬ್ಬ!" ಎಂದು ನಾನು ಕೂಗಿದ್ದು ಪಕ್ಕದ ಸೈಕಲ್ ಅಂಗಡಿಯವನಿಗೂ ಕೇಳಿಸಿ, ಅವನೂ ತನ್ನ ಕೆಲಸ ನಿಲ್ಲಿಸಿದ.

ವಿಷಯ ಹೇಳಿದೆವು. ಹಸನಬ್ಬ ಕತ್ತರಿ ಕೆಳಗಿಟ್ಟು, ಅಳತೆ ರವಿಕೆಯನ್ನು ಎತ್ತಿ, ವಾರಿಜಳನ್ನು ಅರೆಕ್ಷಣ ನೋಡಿ, ಕಣ್ಣು ತಿರುಗಿಸಿಕೊಂಡ.

"ಒಂಬತ್ತು ವರ್ಷ ನಾನು ಬೇರೆ ಯಾರಿಗೋ ಹೊಲಿದದ್ದಾ?" ಅವನ ಧ್ವನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. "ನನ್ನ ಕೈಯೇ ಕೆಟ್ಟಿತು ಅಂತ ಎಣಿಸಿದ್ದೆ ಮಾಷ್ಟ್ರೇ. ಹೊಸ ಕನ್ನಡಕ ಕೂಡ ಮಾಡಿಸಿದೆ."

ಈಗ ಅಳತೆ ಎಲ್ಲಿಂದ ತರುವುದು? ಅವನು ಟೇಪು ಹಿಡಿಯುವವನಲ್ಲ, ಅವಳು ಹಿಡಿಸಿಕೊಳ್ಳುವವಳಲ್ಲ. ನನ್ನ ಕೈಗೆ ಟೇಪು ಕೊಡಿ ಎಂದೆ. ಇಬ್ಬರೂ ಒಟ್ಟಿಗೆ "ಬೇಡ" ಎಂದರು. ಒಂಬತ್ತು ವರ್ಷದಲ್ಲಿ ಅವರಿಬ್ಬರು ಒಪ್ಪಿದ ಮೊದಲ ಮಾತು ಅದು.

ಆಗ ಒಳಗಿನ ಪರದೆಯ ಹಿಂದಿನಿಂದ ಒಂದು ಧ್ವನಿ ಬಂತು. "ಅವರನ್ನು ಒಳಗೆ ಕಳಿಸಿ." ಹಸನಬ್ಬನ ತಾಯಿ ಬೀಪಾತುಮ್ಮ. ಮಡಿಲಲ್ಲಿ ಬೀಡಿಯ ಮೊರ ಇಟ್ಟುಕೊಂಡು ಇಷ್ಟೂ ಹೊತ್ತು ಎಲ್ಲವನ್ನೂ ಕೇಳುತ್ತಿದ್ದರು.

ವಾರಿಜ ಒಳಗೆ ಹೋದಳು. ಹೊರಗೆ ನಾನು ಮತ್ತು ಹಸನಬ್ಬ ಪರಸ್ಪರ ಮುಖ ನೋಡದೆ ಕೂತೆವು. ಒಳಗಿನಿಂದ ಮಾತು ಕೇಳಿಸುತ್ತಿತ್ತು.

"ಕೈ ಎತ್ತು ಮಗಳೇ. ಆರತಿಗೆ ಎತ್ತುವ ಹಾಗೆ. ಇನ್ನೂ ಮೇಲೆ. ಹೆದರುವುದು ಎಂತಕ್ಕೆ?"

"ಅಭ್ಯಾಸ ತಪ್ಪಿದೆ."

ಒಳಗೆ ಇಬ್ಬರೂ ನಕ್ಕರು. ಆ ನಗು ಸ್ವಲ್ಪ ಹೊತ್ತು ನಿಲ್ಲಲಿಲ್ಲ. ಕಾರಣ ನಾನಿರಬಹುದೆಂದು ಸಂಶಯ.

ಹೊರಗೆ ಬಂದಾಗ ಬೀಪಾತುಮ್ಮನ ಕೈಯಲ್ಲಿ ಬೀಡಿ ಕಟ್ಟುವ ನೂಲು. ಅದರಲ್ಲಿ ಅಲ್ಲಲ್ಲಿ ಗಂಟು. ಮಗನಿಗೆ ಒಂದೊಂದೇ ಗಂಟು ಹಿಡಿದು ತಮ್ಮ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ವಿವರಿಸಿದರು. ಅವನು ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸಿದ. ನನಗೆ ತಡೆಯಲಾಗಲಿಲ್ಲ.

"ಅಮ್ಮ, ಒಟ್ಟು ಎಷ್ಟು ಇಂಚು?"

ಅವರು ನೂಲನ್ನು ಎರಡು ಕೈಗಳ ನಡುವೆ ಎಳೆದು ಹಿಡಿದು ತೋರಿಸಿದರು. "ಇಷ್ಟು."

"ಅಂದರೆ, ಮೂವತ್ತನಾಲ್ಕಾ, ಮೂವತ್ತಾರಾ?"

"ಇಷ್ಟು ಮಾರಾಯ್ರೆ. ಕಾಣುವುದಿಲ್ವಾ?"

ಕಂಡಿತು. ಮುಂಬಯಿಯದ್ದೂ ಅಲ್ಲ, ಮದ್ರಾಸಿನದ್ದೂ ಅಲ್ಲ. ವಾರಿಜಳದ್ದು.

"ನೀನು ಅರ್ಧ ಇಂಚು ಎಂತದೂ ಮಾಡಬೇಡ," ಎಂದು ವಾರಿಜ ಹಸನಬ್ಬನಿಗೆ ನೇರವಾಗಿ ಹೇಳಿದಳು. "ನಾನೂ ಮಾಡುವುದಿಲ್ಲ."

"ಮಾಷ್ಟ್ರು?"

"ಅವರು ಇದರಲ್ಲಿ ಇಲ್ಲ."

ಭಾನುವಾರ ಕಾವೂರಿನ ಚಪ್ಪರದಲ್ಲಿ ಆರತಿಯ ಹೊತ್ತು ಬಂತು. ಹೆಂಗಸರೆಲ್ಲ ಸಾಲಾಗಿ ನಿಂತರು. ಸೀಮಂತದ ಕಥೆ ಗೊತ್ತಿದ್ದವರು ಸ್ವಲ್ಪ ಮುಂದಕ್ಕೇ ನಿಂತರು. ನಾನು ಗಂಡಸರ ಸಾಲಿನಿಂದ ಕತ್ತು ಚಾಚಿದೆ. ವಾರಿಜ ತಟ್ಟೆ ಎತ್ತಿದಳು. ಮೊಣಕೈ ಪಕ್ಕೆ ಬಿಟ್ಟಿತು. ಭುಜ ದಾಟಿತು. ತಟ್ಟೆ ಮದುಮಗಳ ಬಾಸಿಂಗದವರೆಗೂ ಹೋಯಿತು. ಶೋಭಾನೆ ನಿಲ್ಲಲಿಲ್ಲ. ಅಗತ್ಯಕ್ಕಿಂತ ಎರಡು ಸುತ್ತು ಜಾಸ್ತಿಯೇ ಎತ್ತಿದಳು ಎಂದು ನನ್ನ ಲೆಕ್ಕ. ಮೂರು ಎಂದು ಗಿರಿಜಕ್ಕನ ಲೆಕ್ಕ.

ಗಿರಿಜಕ್ಕ ತನ್ನ ಹಳೆಯ ರವಿಕೆಯನ್ನು ಬಜಪೆಗೆ ವಾಪಸು ಒಯ್ದಳು. ಈಗ ಅದು ಅವಳಿಗೂ ಹಿಡಿಸುವುದಿಲ್ಲವಂತೆ. ಆದರೆ ಅಳತೆಗೆ ಇರಲಿ ಎಂದಳು.

ಈ ವಾರ ಕಾಲೇಜಿನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಊಟವಿದೆ. ನಿನ್ನೆ ವಾರಿಜಳಿಗೆ ಹೇಳಿದೆ: "ಆ ನೇರಳೆ ರವಿಕೆ ತೊಟ್ಟುಕೊಂಡು ಬಾ. ನಿನಗೆ ಅಷ್ಟು ಸರಿಯಾಗಿ ಕೂರುವುದು ಅದೊಂದೇ."

ಅವಳು ಟ್ರಂಕಿನ ಮುಂದೆ ಕೂತಿದ್ದಳು. ಕೈಯಲ್ಲಿ ನುಸಿಗುಳಿಗೆ, ಮಡಿಲಲ್ಲಿ ಹಳೆಯ ಪತ್ರಿಕೆ.

"ತೊಡುವುದಾ? ಎಂತ ಮಾತಾಡ್ತೀರಿ? ಇನ್ನು ಅದೇ ಅಲ್ವಾ ಅಳತೆ?"