ಗುಂಡಿ ಮಾವ
ವನ್ಯಧಾಮದ ನದಿಬಯಲಿನಲ್ಲಿ ಸಸಿ ನೆಡಿಸುವ ಮೇಸ್ತ್ರಿಯನ್ನು ಎಲ್ಲರೂ ಗುಂಡಿ ಮಾವ ಎಂದೇ ಕರೆಯುತ್ತಾರೆ. ಹತ್ತೊಂಬತ್ತು ವರ್ಷಗಳಲ್ಲಿ ಅವನು ತೋಡಿದ ಗುಂಡಿಗಳನ್ನೆಲ್ಲ ಸೇರಿಸಿದರೆ ನದಿಯೇ ಅದರಲ್ಲಿ ಮುಳುಗೀತು ಎಂದು ಕೂಲಿಯವರು ನಗುತ್ತಾರೆ. ನದಿ ಪಕ್ಕದಲ್ಲೇ ಇದ್ದರೂ ನಡುವಿನ ಹಳೆಯ ಮಣ್ಣಿನ ಒಡ್ಡು ಬಯಲಿಗೆ ಹನಿ ನೀರು ಬಿಡದೆ, ಪ್ರತಿ ಬೇಸಿಗೆಯಲ್ಲೂ ಅರ್ಧಕ್ಕರ್ಧ ಸಸಿ ಒಣಗುತ್ತಿದ್ದವು. ಮಾವ ಸೊಂಟ ಹಿಡಿದುಕೊಂಡು, "ಆಯ್ತಪ್ಪ, ಇನ್ನೊಂದ್ಸಲ ನೆಡೋಣ" ಎಂದು ಗುದ್ದಲಿ ಎತ್ತುತ್ತಿದ್ದ. "ಎಷ್ಟು ಬದುಕಿವೆ?" ಎಂದು ಅರಣ್ಯ ಇಲಾಖೆಯ ಸಾಹೇಬರು ಕೇಳಿದರೆ, "ಸದ್ಯ ನಾನೊಬ್ಬ ಬದುಕಿದೀನಿ ಸಾರ್, ಬರ್ಕೊಳ್ಳಿ" ಎನ್ನುತ್ತಿದ್ದ. ಮನೆಯಲ್ಲಿ ಊಟಕ್ಕೆ ಕೂತಲ್ಲೇ ತೂಕಡಿಸುತ್ತಿದ್ದ. ಕೊನೆಗೆ ಈ ವರ್ಷ ಒಡ್ಡು ಒಡೆಯಲು ಯಂತ್ರ ಬಂದಾಗ ಮಾವ ಚಾಲಕನಿಗೆ ಕೈ ಅಡ್ಡ ಹಿಡಿದ. "ಸ್ವಲ್ಪ ಇರಪ್ಪ. ಇದನ್ನ ಕಟ್ಟಿದ ಮೇಸ್ತ್ರಿ ನಮ್ಮಪ್ಪ. ಮೊದಲು ನಾನು ಕೈ ಹಾಕ್ತೀನಿ." ಹತ್ತು ಏಟು ಹಾಕಿದರೂ ಉದುರಿದ್ದು ಹಿಡಿ ಮಣ್ಣು. ಉಳಿದದ್ದನ್ನು ಯಂತ್ರ ಮುಗಿಸಿತು. ಸಂಜೆಯ ಹೊತ್ತಿಗೆ ಬಯಲಿನ ತುಂಬ ಮೊಣಕಾಲುದ್ದ ನೀರು ನಿಂತಿತ್ತು. ಮನೆಗೆ ಬಂದವನು ಹೆಂಡತಿಗೆ ನೀರಿನ ಸುದ್ದಿ ಹೇಳಲೇ ಇಲ್ಲ. "ಅಪ್ಪ ಎಷ್ಟು ಗಟ್ಟಿಯಾಗಿ ಕಟ್ಟಿದ್ರು ಕಣೇ" ಎಂದವನು, ಕೈಯ ಮಣ್ಣನ್ನೂ ತೊಳೆಯದೆ ಹೊಸ್ತಿಲಲ್ಲೇ ಕೂತುಬಿಟ್ಟ.