ಅಂಕಿತವಿಲ್ಲದ ಪದ

ನಮ್ಮ ಸೋದರತ್ತೆ ಕಟ್ಟುತ್ತಿದ್ದ ಪದಗಳಿಗೆ ಕೊನೆಯ ಸಾಲು ಇರುತ್ತಿರಲಿಲ್ಲ. ಪಲ್ಲವಿ ಇರುತ್ತಿತ್ತು, ನುಡಿಗಳು ಇರುತ್ತಿದ್ದವು. ಕೊನೆಯ ನುಡಿ ಅರ್ಧಕ್ಕೆ ಬಂದೊಡನೆ ಹಾಡು ನಿಲ್ಲಿಸಿ ಹೂಬತ್ತಿ ಹೊಸೆಯುವುದಕ್ಕೆ ತೊಡಗುತ್ತಿದ್ದಳು. ಅವಳಿಗೆ ಮರೆತುಹೋಗಿದೆ ಎಂದು ಚಿಕ್ಕವಳಿದ್ದಾಗ ನಾನು ತಿಳಿದಿದ್ದೆ. "ಮುಂದ ಏನು ಅತ್ಯಾ?" ಎಂದು ಕೇಳಿದರೆ, "ಮುಂದಿಂದು ನನ್ನ ಕೈಯಾಗಿಲ್ಲ," ಅನ್ನುತ್ತಿದ್ದಳು.

ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಾಸರ ಪದದ ಕೊನೆಗೆ ಅಂಕಿತ ಬರುತ್ತದೆ. ಅದು ದೇವರ ಹೆಸರೂ ಹೌದು, ಪದ ಕಟ್ಟಿದವರ ರುಜುವೂ ಹೌದು. ಆದರೆ ತನಗೆ ಬೇಕೆನಿಸಿದ ಹೆಸರನ್ನು ಯಾರೂ ತಾವಾಗಿ ಇಟ್ಟುಕೊಳ್ಳುವಂತಿಲ್ಲ. ಗುರುವಾದವರು ಕರೆದು, ದೇವರ ಮುಂದೆ ಕೂಡಿಸಿ, ಇನ್ನು ಮುಂದೆ ನಿನ್ನ ಅಂಕಿತ ಇದು ಎಂದು ಕೊಡಬೇಕು. ಹಾಗೆ ಕೊಡುವವರೆಗೆ ಎಂಥ ಪದ ಕಟ್ಟಿದರೂ ಅದು ಮನೆಯೊಳಗಿನ ಗುನುಗು ಅಷ್ಟೇ, ಗುಡಿಯಲ್ಲಿ ಅದಕ್ಕೆ ಜಾಗವಿಲ್ಲ.

ನಮ್ಮಪ್ಪ ಗದಗಿನ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಿಗ್ಗೆ, ಸಂಜೆ ನಮ್ಮ ಓಣಿಯ ವಿಠ್ಠಲನ ಗುಡಿಯ ಪೂಜೆ. ಆ ಪೂಜೆ ತಲೆತಲಾಂತರದಿಂದ ಮನೆತನಕ್ಕೆ ಬಂದದ್ದು. ಅಪ್ಪ ಕೆಟ್ಟವನಲ್ಲ. ಗಂಡ ಸತ್ತ ಮೇಲೆ ಲಕ್ಷ್ಮೇಶ್ವರದಿಂದ ತಿರುಗಿ ಬಂದ ಅಕ್ಕನನ್ನು ಒಂದು ದಿನವೂ ಭಾರ ಎಂದವನಲ್ಲ. ಆದರೆ ಪದದ ಮಾತು ಬಂದರೆ ಮುಖ ಗಂಟು ಹಾಕುತ್ತಿದ್ದ. "ಮನ್ಯಾಗ ಬೇಕಾದಷ್ಟು ಹಾಡಕ್ಕಾ. ಅಂಕಿತ ಇಲ್ಲದ ಪದಾ ದೇವರ ಮುಂದ ಮಾತ್ರ ಬ್ಯಾಡ," ಅನ್ನುತ್ತಿದ್ದ. ಏಕಾದಶಿಯ ದಿನ ಇಳಿಹೊತ್ತಿನಲ್ಲಿ ಗುಡಿಯ ಪಡಸಾಲೆಯಲ್ಲಿ ಹೆಂಗಸರ ಭಜನೆ ನಡೆಯುತ್ತಿತ್ತು. ಅದನ್ನು ನಡೆಸುವವಳೇ ಅತ್ತೆ. ಹಿಂದಿನ ದಾಸರ ಪದಗಳನ್ನೆಲ್ಲ ಎತ್ತಿಕೊಡುತ್ತಿದ್ದಳು, ತನ್ನದನ್ನು ಒಮ್ಮೆಯೂ ಎತ್ತಲಿಲ್ಲ.

ನಾನು ಮುಂದೆ ಶಾಲೆಯ ಶಿಕ್ಷಕಿಯಾಗಿ ಶರಣರ ಕಾಲ, ದಾಸರ ಕಾಲ ಎಂದು ಪಾಠ ಮಾಡಿದವಳು. ಶರಣರು ಗುಡಿಯ ದೇವರನ್ನು ಅಂಗೈಗೆ ತಂದರು, ದಾಸರು ತಂಬೂರಿ ಹಿಡಿದು ಓಣಿ ಓಣಿ ತಿರುಗಿ ದೇವರನ್ನು ಮನೆಯ ಬಾಗಿಲಿಗೆ ತಂದರು ಎಂದು ಹೇಳಿದರೆ ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದವು. ಅದು ಸುಳ್ಳಲ್ಲ. ಬಾಗಿಲಿಗೆ ಬಂದ ದೇವರು ಒಳಗೆ ಕಾಲಿಡಬೇಕಾದರೆ ಯಾರು ಯಾರನ್ನು ಕೇಳಬೇಕು ಎಂಬುದು ಮಾತ್ರ ಪಾಠದಲ್ಲಿ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆಯನ್ನು ಪೂಜಾರಿಯ ಮಗಳಾಗಿ ನಾನೇ ಹೇಳಬೇಕಾಗಿ ಬಂದದ್ದು ನನ್ನ ಹಣೆಬರಹ.

ಎಪ್ಪತ್ತರ ದಶಕದಲ್ಲಿ ನಮ್ಮ ಹಿತ್ತಲಿಗೆ ಹೊಂದಿಕೊಂಡಿದ್ದ ಮನೆಗೆ ಒಂದು ಸಂಸಾರ ಬಾಡಿಗೆಗೆ ಬಂತು. ಮುಂಡರಗಿ ಕಡೆಯ ಹಿರೇವಡ್ಡಟ್ಟಿಯ ಒಕ್ಕಲು ಜನ. ಗಂಡನಿಗೆ ಬೆಟಗೇರಿಯಲ್ಲಿ ಕೆಲಸ. ಹೆಂಡತಿ ಅತ್ತೆಗಿಂತ ತುಸು ಚಿಕ್ಕವಳು, ಎದೆಯ ಮೇಲೆ ಲಿಂಗ, ಹಣೆಯ ತುಂಬ ವಿಭೂತಿ. ಓಣಿಯವರೆಲ್ಲ ಅವಳನ್ನು ವಡ್ಡಟ್ಟಿಯಾಕಿ ಎಂದೇ ಕರೆದರು. ತನ್ನೂರಿನ ಮಠದಲ್ಲಿ ಅಮಾವಾಸ್ಯೆಗೆ ಏಕತಾರಿ ಹಿಡಿದು ತತ್ವಪದ ಹಾಡಿ ಬೆಳೆದವಳು. ಗೋಡೆಯಾಚೆ ಅವಳ ದನಿ, ಈಚೆ ಅತ್ತೆಯ ದನಿ. ಕೆಲವು ದಿನ ಹಾಗೇ ನಡೆಯಿತು. ಆಮೇಲೆ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಒಟ್ಟಿಗೆ ಕೂತು ಹಾಡತೊಡಗಿದರು. ಅತ್ತೆ ಮಡಿಯಲ್ಲಿದ್ದಾಗ ಒಂದು ಮಾರು ದೂರ, ಇಲ್ಲದಾಗ ಮೊಣಕಾಲಿಗೆ ಮೊಣಕಾಲು. ಒಬ್ಬಳು ಹರಿ ಎಂದರೆ ಇನ್ನೊಬ್ಬಳು ಹರ ಎನ್ನುತ್ತಿದ್ದಳು. ಇಬ್ಬರ ನಡುವೆ ಸೋಸುತ್ತಿದ್ದ ಅಕ್ಕಿಯಲ್ಲಿ ಹರಳು ಮಾತ್ರ ಹಾಗೇ ಉಳಿಯುತ್ತಿತ್ತು ಎಂದು ಅವ್ವ ಗೊಣಗುತ್ತಿದ್ದಳು.

ಅತ್ತೆಯ ಪದಗಳಲ್ಲಿ ವಡ್ಡಟ್ಟಿಯಾಕಿಗೆ ಬಹಳ ಹಿಡಿಸಿದ್ದು ಒಂದೇ. "ಎಣ್ಣಿ ತೀರೂದರಾಗ ಬಾರೋ, ಅಗಳಿ ಹಾಕಿಲ್ಲ ಬಾಗಿಲಿಗೆ" ಎಂದು ಅದರ ಪಲ್ಲವಿ. ಪದದ ತುಂಬ ದೇವರನ್ನು ಅತ್ತೆ ನೀನು ಎಂದೇ ಕರೆದಿದ್ದಳು, ಹೆಸರು ಎಲ್ಲಿಯೂ ಇರಲಿಲ್ಲ. ಹೆಸರು ಕೊಡುವವರು ಗುರುಗಳು, ತಾನು ಮುಂಚೆಯೇ ಒಂದು ಹೆಸರು ಹಾಕಿದರೆ ಉದ್ಧಟತನ ಎಂದು ಅವಳ ಎಣಿಕೆ. ಕೊನೆಗೆ ಹಾಡು ನಿಂತೊಡನೆ ವಡ್ಡಟ್ಟಿಯಾಕಿ ಚಡಪಡಿಸುತ್ತಿದ್ದಳು.

"ಹಿಂಗ ನಡುವ ನಿಂದರಿಸಿದ್ರ ಎದಿ ಝಲ್ ಅಂತೈತ್ರಿ ಅವ್ವಾರ. ಗುರುವಿನ ಹೆಸರಿಲ್ಲದ ಪದಾ ಅಂದ್ರ ತಂದಿ ತಾಯಿ ಇಲ್ಲದ ಕೂಸಿದ್ದಂಗ."

"ಗುರುಗಳು ಸಿಗಬೇಕಲ್ಲ ತಂಗಿ. ಸಿಕ್ಕಾಗ ಆತು."

ಕೆಲವು ವರ್ಷಗಳ ಮೇಲೆ ಹೊಲ ನೋಡಿಕೊಳ್ಳಲು ಅವರು ಹಿರೇವಡ್ಡಟ್ಟಿಗೆ ತಿರುಗಿ ಹೋದರು. ಹೊರಡುವ ದಿನ ಅವಳು ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿ, ಆ ಪದವನ್ನು ಇನ್ನೊಂದು ಸಲ ಹೇಳಿಸಿಕೊಂಡು ಹೋದಳು. ಅತ್ತೆ ಅಂದು ಏಕಾದಶಿಯಲ್ಲದಿದ್ದರೂ ಊಟ ಮಾಡಲಿಲ್ಲ.

ಎಂಬತ್ತರ ದಶಕ ಶುರುವಾಗಿತ್ತು. ನಾನು ಕಾಲೇಜಿಗೆ ಹೋಗುತ್ತಿದ್ದೆ. ಆ ವರ್ಷ ಲಕ್ಷ್ಮೇಶ್ವರಕ್ಕೆ ದಾಸ ಪರಂಪರೆಯ ಹಿರಿಯರೊಬ್ಬರು ಬಂದು ಕೆಲವು ದಿನ ಉಳಿಯುತ್ತಾರೆ, ಪದ ಕಟ್ಟುವವರನ್ನು ಕೇಳಿ, ಯೋಗ್ಯರೆನಿಸಿದರೆ ಅಂಕಿತ ಕೊಡುತ್ತಾರೆ ಎಂದು ಖಬರು ಬಂತು. ಹೆಂಗಸರಿಗೂ ಹಿಂದೆ ಅಂಕಿತ ಸಿಕ್ಕಿದ್ದುಂಟು, ಹೊಸದೇನಲ್ಲ. ಅಪ್ಪನೇ ಅವರಿಗೆ ಹೇಳಿ ಕಳಿಸಿದ. ಬರಲಿ ಎಂದು ಉತ್ತರ ಬಂದ ದಿನ ಅತ್ತೆ ದೇವರ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಬಹಳ ಹೊತ್ತು ಕೂತಳು. ಜೀವಮಾನದಲ್ಲಿ ಅವಳು ತನಗಾಗಿ ಬೇಡಿದ್ದು ಅದೊಂದೇ.

ಜೊತೆಗೆ ನಾನು ಹೋದೆ. ಬಸ್ಸು ಶಿರಹಟ್ಟಿ ದಾಟುವ ತನಕ ಅತ್ತೆಯ ತುಟಿ ಅಲ್ಲಾಡುತ್ತಲೇ ಇತ್ತು. ಲಕ್ಷ್ಮೇಶ್ವರ ಅವಳು ಮದುವೆಯಾಗಿ ಹೋದ ಊರು, ಕುಂಕುಮ ಅಳಿಸಿಕೊಂಡು ಬಿಟ್ಟ ಊರು. ಬಸ್ಸಿನಿಂದ ಇಳಿದವಳು ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡು ನಡೆದಳು.

ಹಿರಿಯ ದಾಸರು ದೊಡ್ಡ ಪಡಸಾಲೆಯಲ್ಲಿ ಕೃಷ್ಣಾಜಿನದ ಮೇಲೆ ಕೂತಿದ್ದರು. ಸುತ್ತ ಸುಮಾರು ಜನ. "ಬಾರವಾ, ಕೂಡು. ನಿನಗ ಮನಸಿಗೆ ಬಂದದ್ದೊಂದು ಹಾಡು," ಎಂದರು. ಅತ್ತೆ ಎಣ್ಣೆಯ ಪದವನ್ನೇ ಎತ್ತಿದಳು. ಮೊದಲ ನುಡಿಗೆ ದನಿ ನಡುಗಿತು, ಎರಡನೆಯದಕ್ಕೆ ನಿಂತಿತು. ಆಮೇಲೆ ಪಡಸಾಲೆಯಲ್ಲಿ ಕೆಮ್ಮುವವರೂ ಕೆಮ್ಮಲಿಲ್ಲ. ಅಂಕಿತದ ಜಾಗ ಬಂದಾಗ ಅವಳು ನಿಲ್ಲಿಸಿ ಕೈಮುಗಿದಳು. ದಾಸರ ಕಣ್ಣು ಒದ್ದೆಯಾಗಿತ್ತು. ನಾನು ನನ್ನ ಕಣ್ಣಾರೆ ನೋಡಿದ್ದೇನೆ.

ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಮುಂಡರಗಿ ಕಡೆಯವರು, ಸಭ್ಯಸ್ಥರು, ಮಾತಿನಲ್ಲಿ ಕೇಡಿರಲಿಲ್ಲ. "ತಪ್ಪು ತಿಳ್ಕೋಬ್ಯಾಡ್ರಿ. ಈ ಪದಾ ಈ ತಾಯಿದಲ್ಲ. ಹಿರೇವಡ್ಡಟ್ಟಿ ಮಠದಾಗ ಪ್ರತಿ ಅಮಾಸಿಗೆ ಹಾಡ್ತಾರ. ನಾ ಎಷ್ಟೋ ಸಲ ಕೇಳೀನಿ. ಅಲ್ಲಿಯ ಗುರುಗಳು, ದೊಡ್ಡ ಅಪ್ಪಾರ ಅಂಕಿತ ಐತಿ ಅದಕ್ಕ." ಹೀಗೆಂದು ಅವರು ಅಂಕಿತದ ಸಾಲನ್ನು ಹೇಳಿಯೇ ಬಿಟ್ಟರು. ಅತ್ತೆ ಬಿಟ್ಟ ಜಾಗದಲ್ಲಿ ಅದು ಚೆನ್ನಾಗಿಯೇ ಕೂತಿತು.

ನನ್ನ ನಾಲಿಗೆ ಆಗಲೇ ಉದ್ದ. "ಸುಳ್ಳು! ಇದು ನಮ್ಮ ಅತ್ಯಾನ ಪದಾ. ನಾ ಸಣ್ಣಾಕಿ ಇದ್ದಾಗಿಂದ ಕೇಳೀನಿ," ಎಂದು ಚೀರಿದೆ. ಜನ ನನ್ನನ್ನೂ ಅತ್ತೆಯನ್ನೂ ತಿರುತಿರುಗಿ ನೋಡಿದರು. ಸೆರಗು ಬಾಯಿಗೆ ಹಿಡಿದುಕೊಂಡು ಯಾರೋ ಇಬ್ಬರು ಪಿಸುಗುಟ್ಟಿದರು.

ದಾಸರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ನೀನs ಹೇಳವಾ. ಯಾರದು ಪದಾ?"

ಅತ್ತೆ ಎದ್ದು ನಿಂತವರ ಕಡೆ ತಿರುಗಿ, "ಖರೇನ ಹಾಡ್ತಾರೇನ್ರಿ? ಮಠದಾಗ? ದೇವರ ಮುಂದ?" ಎಂದು ಕೇಳಿದಳು. "ಹೌದ್ರೆವಾ, ಎಲ್ಲಾರೂ ಕೂಡಿ ಹಾಡ್ತಾರ," ಎಂದರು ಅವರು. ಅತ್ತೆ ದಾಸರಿಗೆ ಕೈಮುಗಿದು, "ಅವರು ಹೇಳಿದ್ದು ಬರೋಬರಿ ಅದರೀ. ನಾ ಕೇಳಿ ಕಲಿತದ್ದು. ಹುಡುಗಿಗೆ ಗೊತ್ತಿಲ್ಲ, ಕ್ಷಮಾ ಮಾಡ್ರಿ," ಎಂದಳು.

ದಾಸರು ಬೈಯಲಿಲ್ಲ. ಹಣ್ಣು ಕೊಟ್ಟು, ಇನ್ನಷ್ಟು ಸಾಧನೆ ಆಗಲಿ ಎಂದು ಕಳಿಸಿದರು. ಅಂಕಿತದ ಮಾತು ಅಲ್ಲಿಗೆ ಮುಗಿಯಿತು.

ತಿರುಗಿ ಬರುವ ಬಸ್ಸಿನಲ್ಲಿ ನಾನು ಅವಳ ಪಕ್ಕದಲ್ಲಿ ಕೂಡದೆ ಹಿಂದಿನ ಸೀಟಿನಲ್ಲಿ ಕೂತೆ. ಸಿಟ್ಟು ನೆತ್ತಿಗೇರಿತ್ತು. ನಾಲ್ಕು ಜನರ ಮುಂದೆ ನನ್ನನ್ನು ಸುಳ್ಳಿ ಮಾಡಿದಳು, ತಾನು ಕಳ್ಳಿಯಾದಳು, ಯಾವ ಪುರುಷಾರ್ಥಕ್ಕೆ? ಶಿರಹಟ್ಟಿಯಲ್ಲಿ ಬಸ್ಸು ನಿಂತಾಗ ಅವಳೇ ಎದ್ದು ನನ್ನ ಬಳಿ ಬಂದು ಕೂತಳು.

"ವಡ್ಡಟ್ಟಿಯಾಕಿನs ಹಚ್ಚ್ಯಾಳ ಅಂಕಿತ. ಮತ್ತ್ಯಾರಿಗೂ ಆ ಪದಾ ಗೊತ್ತಿಲ್ಲ," ಎಂದಳು.

"ಅದನ್ನs ಅಲ್ಲಿ ಹೇಳಬೇಕಾಗಿತ್ತು."

"ಹೇಳಿದ್ರ ನಾಳೆ ಆಕೀನ ಮಠದಾಗ ನಿಲ್ಲಿಸಿ ಕೇಳ್ತಾರ. ಗುರುವಿನ ಅಂಕಿತಾ ಕಂಡವರ ಪದಕ್ಕ ಯಾಕ ಹಚ್ಚಿದಿ ಅಂತ. ಆ ಮಠಾ ಬಿಟ್ರ ಆಕೀಗೆ ಬ್ಯಾರೆ ಏನದ ಹೇಳು?"

"ನಿನಗ ಏನದ ಅತ್ಯಾ?" ಎಂದೆ. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಒಂದು ತಿಂಗಳೂ ಆಗಿರಲಿಲ್ಲ, ವಡ್ಡಟ್ಟಿಯಾಕಿಯೇ ಬಂದಳು. ಬೆಟಗೇರಿಯಲ್ಲಿ ನೆಂಟರ ಮನೆಯ ಮದುವೆಗೆ ಬಂದವಳು, ಒಂದು ಚೀಲ ಹಸಿ ಶೇಂಗಾ ಹೊತ್ತುಕೊಂಡು ನೆಟ್ಟಗೆ ನಮ್ಮ ಹಿತ್ತಲಿಗೆ. ಲಕ್ಷ್ಮೇಶ್ವರದ ಸಂಗತಿ ಅವಳಿಗೆ ಏನೂ ಗೊತ್ತಿರಲಿಲ್ಲ. ಮುಖ ಊರಗಲ ಮಾಡಿಕೊಂಡು ಹೇಳಿದಳು: "ನಿಮ್ಮ ಪದಾ ನಮ್ಮೂರಾಗ ಎಲ್ಲಾರ ಬಾಯಾಗ ಐತ್ರಿ ಅವ್ವಾರ! ಹೆಸರಿಲ್ಲದಂಗ ಹಾಡಾಕ ನನಗ ಮನಸಾಗಲಿಲ್ಲ. ನಮ್ಮ ದೊಡ್ಡ ಅಪ್ಪಾರ ಅಂಕಿತ ಹಾಕಿ ಅವರ ಉಡ್ಯಾಗ ಹಾಕೀನಿ. ಇನ್ನ ಅದು ಪರದೇಶಿ ಅಲ್ಲ ನೋಡ್ರಿ."

ನಾನು ಬಾಯಿ ತೆರೆದೆ. ಅತ್ತೆ ನನ್ನನ್ನು ನೋಡಿದ ಆ ನೋಟಕ್ಕೆ ಬಾಯಿ ತಾನಾಗಿ ಮುಚ್ಚಿತು. ತನ್ನ ಗುರುವಿಗೆ ತನ್ನ ಬಳಿ ಇದ್ದದ್ದರಲ್ಲೆಲ್ಲ ಒಳ್ಳೆಯದನ್ನು ಆ ಹೆಂಗಸು ಕೊಟ್ಟಿದ್ದಳು, ಗೆಳತಿಗೂ ಉಪಕಾರ ಮಾಡಿದೆನೆಂದು ತಿಳಿದಿದ್ದಳು. ಅವಳ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಅತ್ತೆ ಅವಳಿಗೆ ಹಚ್ಚಿದ ಅವಲಕ್ಕಿ ಕೊಟ್ಟು, "ಎಲ್ಲಿ, ನಿಮ್ಮೂರಾಗ ಹಾಡಿದಂಗ ಒಂದ್ಸಲ ಹಾಡು, ಕೇಳೋಣು," ಎಂದಳು. ಅವಳು ಹಾಡಿದಳು. ಅಂಕಿತದ ಸಾಲನ್ನು ಅತ್ತೆ ಮತ್ತೆ ಮತ್ತೆ ಹೇಳಿಸಿಕೊಂಡಳು. ಕಲಿಯುತ್ತಿದ್ದಾಳೆ ಎಂಬುದು ನನಗೆ ಆಗ ತಿಳಿಯಲಿಲ್ಲ.

ಮುಂದಿನ ಏಕಾದಶಿಗೆ ಗುಡಿಯ ಪಡಸಾಲೆ ತುಂಬಿತ್ತು. ಅಪ್ಪ ಗರ್ಭಗುಡಿಯಲ್ಲಿ ತುಳಸಿ ಏರಿಸುತ್ತಿದ್ದ. ಅತ್ತೆ ತಾಳ ಕೈಗೆ ತಗೊಂಡು ಎಣ್ಣೆಯ ಪದ ಎತ್ತಿದಳು. ನಾನು ಬೆಚ್ಚಿದೆ. ಅವಳು ಒಂದೊಂದೇ ನುಡಿ ದಾಟಿ, ಯಾವಾಗಲೂ ನಿಲ್ಲಿಸುತ್ತಿದ್ದ ಜಾಗಕ್ಕೆ ಬಂದು, ನಿಲ್ಲಿಸದೆ, ಹಿರೇವಡ್ಡಟ್ಟಿಯ ಅಪ್ಪಾರ ಅಂಕಿತ ಹಚ್ಚಿ ಮುಗಿಸಿದಳು. ಹೆಂಗಸರು ರೂಢಿಯಂತೆ ಆ ಸಾಲನ್ನು ತಿರುಗಿ ಹಾಡಿದರು.

ಅಪ್ಪ ಹೊರಗೆ ಬಂದ. ಕೈಯಲ್ಲಿ ತುಳಸಿ ಹಾಗೇ ಇತ್ತು. "ಅಕ್ಕಾ, ಇದೇನು? ಅದು ಶೈವ ಮಠದವರ ಅಂಕಿತ. ವಿಠ್ಠಲನ ಮುಂದ…"

"ಅಂಕಿತ ಇಲ್ಲದ ಪದಾ ಹಾಡಬ್ಯಾಡ ಅಂದಿ, ಇಷ್ಟು ವರ್ಷ ಹಾಡಲಿಲ್ಲ. ಇದಕ್ಕ ಅಂಕಿತ ಅದ. ಇದೂ ಬ್ಯಾಡಂದ್ರ ಯಾವುದು ಹಾಡಲಿ, ನೀನs ಹೇಳು."

ಅಪ್ಪನಿಗೆ ಆ ಪದ ಯಾರದೆಂದು ಗೊತ್ತಿತ್ತು. ನನಗಿಂತ ಮೊದಲಿಂದ ಅದೇ ಮನೆಯಲ್ಲಿ ಕೇಳಿದವನು. ಅವನು ತಿರುಗಿ ಒಳಗೆ ಹೋದ. ಅಂದು ಮಂಗಳಾರತಿಯ ಹೊತ್ತಿಗೆ ಅವನು ಮಂತ್ರ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ಭಜನೆ ಮುಗಿದು ಎಲ್ಲರೂ ಹೋದ ಮೇಲೆ ಅತ್ತೆ ಜಮಖಾನೆ ಸುತ್ತುತ್ತ ಕೇಳಿದಳು, "ಕೊನೀ ಸಾಲಿಗೆ ನೀ ಯಾಕ ಸುಮ್ಮನಾದಿ?"

"ಅದರಾಗ ನಿನ್ನ ಹೆಸರಿಲ್ಲ. ನಾ ಹಾಡೂದಿಲ್ಲ."

ಅವಳು ಸಮಾಧಾನದ ನಾಲ್ಕು ಮಾತು ಹೇಳುತ್ತಾಳೆ, ದೇವರಿಗೆ ಎಲ್ಲಾ ತಿಳಿದದ ಅನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಜಮಖಾನೆ ಬಿಟ್ಟು ನನ್ನ ಕೈ ಹಿಡಿದಳು.

"ನನಗ ಉರಿಯೂದಿಲ್ಲ ಅಂತ ತಿಳಿದಿಯೇನು? ಎದಿ ಉರೀತದ. ಆ ಸಾಲು ಹೇಳೂ ಮುಂದ ಬೆಂಕಿ ನುಂಗಿದಂಗ ಆತು. ಆದ್ರ ನಾ ಸತ್ತ ಮ್ಯಾಲೂ ಅದನ್ನ ಯಾರರ ಹಾಡಬೇಕು. ನೀನs ಬಾಯಿ ಮುಚ್ಚಿದ್ರ ಹ್ಯಾಂಗ?"

ಅದಾದ ಮೇಲೆ ಅವಳು ಹೊಸ ಪದ ಕಟ್ಟಲಿಲ್ಲ. ಬತ್ತಿ ಹೊಸೆಯುವಾಗ ಸುಮ್ಮನೆ ಹೊಸೆಯುತ್ತಿದ್ದಳು. ನಾನು ಮುಂದಿನ ಏಕಾದಶಿಗೆ ಅವಳ ಪಕ್ಕದಲ್ಲಿ ಕೂತು ಹಾಡಿದೆ. ಅಂಕಿತದ ಸಾಲು ಬಂದಾಗ ಅವಳು ತಾಳ ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ನಾನು ಮುಗಿಸುವ ತನಕ.