ಮಾಹೂಝಿನ ಒಡಕು ಟೈಲ್ಸ್ ಗೋಡೆ

ಬಹರೇನಿನಲ್ಲಿದ್ದ ಹನ್ನೊಂದು ವರ್ಷಗಳಲ್ಲಿ ಬ್ಯಾಂಕು, ಕ್ಲಿನಿಕ್ಕು, ಹೋಟೆಲು ಎಂದು ಎಷ್ಟೋ ಕಟ್ಟಡಗಳ ಒಳಾಂಗಣವನ್ನು ಮುಗಿಸಿಕೊಟ್ಟಿದ್ದೇನೆ. ಮಾಹೂಝ್ ಬಡಾವಣೆಯ ಒಂದು ಕಾಫಿ ಶಾಪಿನ ಗೋಡೆ ಸತಾಯಿಸಿದಷ್ಟು ಬೇರಾವುದೂ ನನ್ನನ್ನು ಸತಾಯಿಸಿಲ್ಲ. ಆಗ ನನಗೆ ಮೂವತ್ನಾಲ್ಕು. ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ ಬಂದವನು. ಫುಟ್‌ಬಾಲ್ ಗೊತ್ತಿರಲಿಲ್ಲ, ಕಲೆಯಂತೂ ಇನ್ನೂ ದೂರ.

ಶಾಪಿನ ಯಜಮಾನ ಬಹರೇನಿನವನೇ, ಹೆಚ್ಚುಕಡಿಮೆ ನನ್ನದೇ ವಯಸ್ಸಿನವನು. ಬಾರ್ಸಿಲೋನಾದ ಫುಟ್‌ಬಾಲ್ ತಂಡವೆಂದರೆ ಅವನಿಗೆ ಪ್ರಾಣ. ಕಾರಿನ ಕನ್ನಡಿಗೆ ಆ ತಂಡದ ನೀಲಿ-ಕೆಂಪು ಪಟ್ಟೆಯ ಬೊಂಬೆ ಅಳತೆಯ ಅಂಗಿ ನೇತುಹಾಕಿಕೊಂಡಿದ್ದ. ತನ್ನ ಶಾಪಿನೊಳಗೆ ಕಾಲಿಟ್ಟವರಿಗೆ ಆ ಊರಿಗೇ ಹೋದಂತೆ ಅನ್ನಿಸಬೇಕು ಎಂಬುದು ಅವನ ಆಸೆ. ಮ್ಯಾಡ್ರಿಡ್‌ನ ಬದ್ಧ ಎದುರಾಳಿ ತಂಡದ ಜೊತೆ ಪಂದ್ಯ ನಡೆಯುವ ದಿನವೇ ಬಾಗಿಲು ತೆರೆಯಬೇಕೆಂದು ಪಟ್ಟು ಹಿಡಿದಿದ್ದ. ವಿನ್ಯಾಸಕ್ಕೆಂದು ಬಾರ್ಸಿಲೋನಾದವರೊಬ್ಬರನ್ನೇ ಹುಡುಕಿ ಕರೆತಂದ. ಆಕೆ ಐವತ್ತರ ಆಸುಪಾಸಿನ ಹೆಂಗಸು, ಗಂಡನ ಕೆಲಸದ ದೆಸೆಯಿಂದ ಬಹರೇನಿಗೆ ಬಂದವರು.

ಮೊದಲ ದಿನ ನಾನು ಕೆಲಸದವರಿಗೆ "ಇವರು ಸ್ಪೇನ್ ಮೇಡಂ" ಎಂದು ಪರಿಚಯಿಸಿದೆ.

"ಸ್ಪೇನ್ ಅಲ್ಲ, ಕತಲೂನ್ಯಾ. ಬಾರ್ಸಿಲೋನಾ ಅದರ ರಾಜಧಾನಿ, ನಮ್ಮ ಭಾಷೆಯೇ ಬೇರೆ," ಎಂದರು ಆಕೆ ಇಂಗ್ಲಿಷಿನಲ್ಲಿ.

ಶುರುವಿನಲ್ಲೇ ತಕರಾರು ಎಂದು ನನಗೆ ರೇಗಿತು. ಆ ಮಾತನ್ನು ಕನ್ನಡದಲ್ಲಿ ತಿಳಿಸಿದಾಗ ಟೈಲ್ಸ್ ಮೇಸ್ತ್ರಿಗೆ ಹಾಗನ್ನಿಸಲಿಲ್ಲ. ಅವರು ಬ್ರಹ್ಮಾವರದ ಕಡೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು, ಮೀನಾ ಸಲ್ಮಾನ್ ಬಂದರಿನ ಬಳಿಯ ನಮ್ಮ ಕಂಪನಿಯ ಕಾರ್ಮಿಕರ ಕ್ಯಾಂಪಿನಲ್ಲಿದ್ದರು. ಮನೆಮಾತು ತುಳು, ನನ್ನೊಡನೆ ಮಾತ್ರ ಕನ್ನಡ. ಅವರು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಅಲುಗುತ್ತಿರಲಿಲ್ಲ.

"ಅವರು ಹೇಳುದು ಸರಿ ಅಲ್ವಾ ಸಾರ್? ಇಲ್ಲಿ ನಮ್ಮನ್ನು ಎಲ್ಲರೂ ಕೇರಳದವರ ಲೆಕ್ಕಕ್ಕೆ ಸೇರಿಸಿ ಮಲಬಾರಿ ಅಂತಾರೆ. ನಂಗೂ ಹಾಗೇ ಆಗ್ತದೆ," ಎಂದರು.

ಬಾಗಿಲಿಗೆ ಎದುರಿನ ಗೋಡೆಯನ್ನು ನೆಲದಿಂದ ಚಾವಣಿಯವರೆಗೆ ಒಡೆದ ಟೈಲ್ಸ್ ಚೂರುಗಳಿಂದ ಮುಚ್ಚಬೇಕೆಂಬುದು ಮೇಡಂ ಕೊಟ್ಟ ನಕ್ಷೆ. ಅವರ ಊರಿನಲ್ಲಿ ಮನೆಯ ಮಾಳಿಗೆ, ಉದ್ಯಾನದ ಕಟ್ಟೆ ಎಲ್ಲವನ್ನೂ ಹೀಗೆ ಸಿಂಗರಿಸುತ್ತಾರಂತೆ. ಗೋದಾಮಿನಿಂದ ಹೊಸ ಟೈಲ್ಸ್ ಪೆಟ್ಟಿಗೆಗಳು ಬಂದವು. ಮೇಸ್ತ್ರಿ ಸುತ್ತಿಗೆ ಪಕ್ಕಕ್ಕಿಟ್ಟು ಒಂದು ಟೈಲನ್ನು ಎತ್ತಿ ತಿರುಗಿಸಿ ನೋಡಿದರು.

"ಒಳ್ಳೆ ಮಾಲು ಸಾರ್. ಒಂದರ ಮೂಲೆಯೂ ಹೋಗ್ಲಿಲ್ಲ. ಇದನ್ನು ಒಡಿಲಿಕ್ಕೆ ಎಂತ ಮನಸ್ಸು ಬರ್ತದೆ?"

"ಒಡೀರಿ ಮೇಸ್ತ್ರಿ. ನಾವೇನು ಮಾಡೋಕಾಗುತ್ತೆ?"

ಒಡೆದರು. ಆದರೆ ಇಪ್ಪತ್ತು ವರ್ಷ ನೇರ ಗೆರೆ ಹಿಡಿದ ಕೈ ಚೂರುಗಳನ್ನೂ ಸಾಲು ಹಿಡಿದೇ ಅಂಟಿಸಿತು. ಸಂದುಗಳೆಲ್ಲ ಒಂದೇ ಅಳತೆ. ನಾಲ್ಕನೆಯ ದಿನ ಮೇಡಂ ಬಂದು ನೋಡಿ, "ಇದು ಜೈಲು," ಎಂದರು. ನಾನು ಮೇಸ್ತ್ರಿಗೆ ಅದನ್ನು ಹೇಳಲಿಲ್ಲ, ಸ್ವಲ್ಪ ಬದಲಾಯಿಸಬೇಕಂತೆ ಎಂದೆ. ಎಲ್ಲವನ್ನೂ ಕಿತ್ತೆವು. ಎರಡನೆಯ ಸಲ, ಹೇಗೆ ಕೈಗೆ ಬರುತ್ತದೋ ಹಾಗೆ ಹಾಕಿಬಿಡಿ ಎಂದು ನಾನೇ ಹೇಳಿದೆ. ಅದನ್ನು ನೋಡಿ ಆಕೆ, "ಇದು ಕಸ. ಗೋಡೆ ಹರಿಯಬೇಕು," ಎಂದರು. ನನಗೂ ಅರ್ಥವಾಗದ ಮಾತನ್ನು ನಾನು ಕನ್ನಡಕ್ಕೆ ತಿರುಗಿಸಬೇಕಾಯಿತು.

"ಹರಿಯಬೇಕಂತೆ ಮೇಸ್ತ್ರಿ."

"ಗೋಡೆಯ ಮೇಲೆ ಎಂತ ಹರಿಯುದು ಸಾರ್? ನೀರಾ?"

ಮತ್ತೆ ಕಿತ್ತೆವು. ಇತ್ತ ಯಜಮಾನ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಪಂದ್ಯಕ್ಕೆ ಎಷ್ಟು ದಿನ ಉಳಿದಿದೆ ಎಂದು ನೆನಪಿಸುತ್ತಿದ್ದ. ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿದ್ದ ನಮ್ಮ ಕಂಪನಿಯ ಆಫೀಸಿಗೆ ಹೋದರೆ ಮ್ಯಾನೇಜರರ ಮೊದಲ ಪ್ರಶ್ನೆಯೂ ಆ ಗೋಡೆಯದೇ. ಮನೆಯಲ್ಲಿ ನಾನು ಊಟದ ತಟ್ಟೆಯ ಮುಂದೆ ಕುಳಿತು ಗೊಣಗುವುದು ಕೇಳಿ ಕೇಳಿ ಹೆಂಡತಿಗೂ ಸಾಕಾಗಿತ್ತು.

ಮೂರನೆಯ ಸಲ ಮೇಡಂ ತಾವೇ ಇದ್ದಿಲು ತೆಗೆದುಕೊಂಡು ಏಣಿ ಹತ್ತಿ, ಗೋಡೆಯ ಈ ಮೂಲೆಯಿಂದ ಆ ಮೂಲೆಗೆ ಉದ್ದಕ್ಕೂ ಬಾಗುವ ಏಳೆಂಟು ಗೆರೆ ಎಳೆದರು. ಮೇಸ್ತ್ರಿಯ ಮುಖ ಗೆಲುವಾಯಿತು.

"ಗೆರೆ ಉಂಟಲ್ಲ, ಹಾಗಾದ್ರೆ ಆಗ್ತದೆ. ಗೆರೆ ಇಲ್ಲದೆ ಹೇಗೆ ಹಾಕುದು?"

ಎರಡು ವಾರ ನಡುವೆ ನಿಂತು ಮಾತು ತಿರುಗಿಸಿದ ಎಂಜಿನಿಯರ್ ನಾನು. ಒಂದು ಗೆರೆ ಎಳೆದುಕೊಡಿ ಎಂದು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಮುಂದಿನ ಒಂಬತ್ತು ದಿನ ಅವರಿಬ್ಬರೇ ಕೆಲಸ ಮಾಡಿದರು. ಆಕೆ ತಮ್ಮ ಭಾಷೆಯಲ್ಲಿ ಏನೋ ಹೇಳುವರು, ಇವರು ತುಳುವಿನಲ್ಲಿ ಉತ್ತರ ಕೊಡುವರು, ಚೂರು ಸರಿಯಾದ ಜಾಗಕ್ಕೆ ಹೋಗಿ ಕೂರುವುದು. ಕೆಳಗೆ ಕಡುನೀಲಿ, ಮೇಲೆ ಹೋದಂತೆ ಹಸಿರು, ಹಳದಿ, ಬಿಳಿ. ನಾನು ಅಲ್ಲಿ ಬೇಕಾಗಿರಲಿಲ್ಲ. ಚಹಾದ ಹೊತ್ತಿನಲ್ಲಿ ಒಮ್ಮೆ ಮೇಡಂ, "ನನ್ನ ಊರು ಯಾವುದೆಂದು ಹೇಳಿದರೆ ಸಾಕು, ಎಲ್ಲರೂ ಫುಟ್‌ಬಾಲ್ ಮಾತು ತೆಗೆಯುತ್ತಾರೆ. ನಾನು ಒಂದು ಪಂದ್ಯವನ್ನೂ ಪೂರ್ತಿ ನೋಡಿದವಳಲ್ಲ," ಎಂದರು.

ಗೋಡೆ ಮುಗಿದ ದಿನ ಯಜಮಾನ ಬಂದ. ಸ್ವಲ್ಪ ಹೊತ್ತು ನೋಡಿ, "ಚೆನ್ನಾಗಿದೆ ಹಬೀಬಿ. ನನ್ನ ತಂಡ ಎಲ್ಲಿ? ಟಿವಿ ಎಲ್ಲಿ?" ಎಂದು ಕೇಳಿದ.

ದೊಡ್ಡ ಟಿವಿ ಬರಬೇಕಾದದ್ದು ಅದೇ ಗೋಡೆಯ ನಟ್ಟನಡುವೆ. ವಿದ್ಯುತ್ ನಕ್ಷೆಯಲ್ಲಿ ಅದನ್ನು ತಿಂಗಳ ಹಿಂದೆಯೇ ಗುರುತು ಮಾಡಲಾಗಿತ್ತು. ನಾನು ನೋಡಿದ್ದೆ. ಮೊದಲು ಗೋಡೆ ಮುಗಿಯಲಿ, ಜಗಳ ಆಮೇಲೆ ಎಂದು ಮೇಡಂಗೆ ಹೇಳದೆ ಉಳಿದಿದ್ದೆ. ಪಕ್ಕದ ಗೋಡೆಗೆ ಹಾಕೋಣ ಎಂದರೆ ಯಜಮಾನ ಕೇಳಲಿಲ್ಲ. ಅಲ್ಲೇ ಇದ್ದ ಮೇಡಂ ಅವನ ಮೇಲೆ ಕೂಗಾಡಲಿಲ್ಲ. ನನ್ನ ಕಡೆ ತಿರುಗಿ, "ನಿಮಗೆ ಗೊತ್ತಿತ್ತೇ?" ಎಂದು ಕೇಳಿದರು. ಹೌದು ಎಂದೆ. ಕೈಚೀಲ ತೆಗೆದುಕೊಂಡು ಹೊರಟುಹೋದರು.

ಡ್ರಿಲ್ ಮಾಡಲು ಎಲೆಕ್ಟ್ರಿಷಿಯನ್ ಬಂದಾಗ ಮೇಸ್ತ್ರಿ ಅವನ ಕೈಯಿಂದ ಯಂತ್ರ ಇಸಿದುಕೊಂಡರು.

"ಇವನು ಮಾಡಿದ್ರೆ ಸುತ್ತಲಿನದ್ದೆಲ್ಲ ಕಿತ್ತು ಬರ್ತದೆ. ನಾನೇ ಮಾಡ್ತೇನೆ ಸಾರ್."

ಆರು ತೂತು ಕೊರೆದರು. ಕೆಳಗೆ ಉದುರಿದ ಪುಡಿಯನ್ನು ತಾವೇ ಗುಡಿಸಿದರು.

ಪಂದ್ಯದ ದಿನ ಶಾಪು ತುಂಬಿತ್ತು. ಮೇಡಂ ಬರಲಿಲ್ಲ. ಯಾರು ಗೆದ್ದರೆಂದು ನನಗೆ ನೆನಪಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ ಮೇಸ್ತ್ರಿ, ಜನರೆಲ್ಲ ಟಿವಿಗೆ ಮುಖ ಮಾಡಿದ್ದಾಗ ಅದರ ಅಂಚಿನಲ್ಲಿ ಕಾಣುತ್ತಿದ್ದ ಚೂರುಗಳನ್ನು ಉಗುರಿನಿಂದ ತಟ್ಟಿ ನೋಡುತ್ತಿದ್ದುದು ನೆನಪಿದೆ.

ತಿಂಗಳ ಮೇಲೆ ಮೇಡಂ ಫೋನ್ ಮಾಡಿದರು. ದೋಹಾದಲ್ಲಿ ಅವರಿಗೆ ದೊಡ್ಡ ಕೆಲಸ ಸಿಕ್ಕಿತ್ತು. ಇಂಥವೇ ಹನ್ನೆರಡು ಗೋಡೆ. ಮೇಸ್ತ್ರಿಯೇ ಬೇಕು, ಇಬ್ಬರು ಸಹಾಯಕರನ್ನೂ ಕೊಡುತ್ತೇನೆ ಎಂದರು. ಆಗ ಹಾಗೆ ಬೇರೆಡೆ ಕೆಲಸಕ್ಕೆ ಹೋಗಲು, ಬಿಟ್ಟುಕೊಡಲು ಒಪ್ಪಿಗೆಯಿದೆ ಎಂದು ಕಂಪನಿ ರಿಲೀಸ್ ಪತ್ರ ಕೊಡಬೇಕಿತ್ತು. ಮೇಸ್ತ್ರಿ ನನ್ನ ಹತ್ತಿರ ಬಂದು, "ನೀವೊಂದು ಮಾತು ಹೇಳಿದ್ರೆ ಆಗ್ತದೆ ಸಾರ್," ಎಂದರು. ನಾನು ಮ್ಯಾನೇಜರರಲ್ಲಿ ಕೇಳಿದೆ. ಅವರು ಕಂಪ್ಯೂಟರಿನಿಂದ ತಲೆ ಎತ್ತದೆ, "ಒಳ್ಳೆಯ ಮೇಸ್ತ್ರಿಯನ್ನು ಯಾರು ಬಿಡುತ್ತಾರೆ?" ಎಂದರು. ಎರಡನೆಯ ಸಲ ನಾನು ಕೇಳಲಿಲ್ಲ. ಕೇಳಬಹುದಿತ್ತು. ನನ್ನ ವೀಸಾ ನವೀಕರಣವೂ ಅದೇ ಮೇಜಿನ ಮೇಲಿತ್ತು.

ಕ್ಯಾಂಪಿಗೆ ಹೋಗಿ ಆಗಲಿಲ್ಲ ಎಂದು ಹೇಳಿದೆ. "ಆಯ್ತು ಸಾರ್," ಎಂದರು. ಮರುದಿನ ಸೈಟಿನಲ್ಲಿ ಏನೋ ಕೇಳಿದಾಗ, "ಜೀ ಸಾಬ್, ಹೋ ಜಾಯೇಗಾ," ಎಂದು ಹಿಂದಿಯಲ್ಲಿ ಉತ್ತರ ಬಂತು. ತಮಾಷೆಗೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಆಮೇಲಿನ ಎರಡು ವರ್ಷ ಅವರು ನನ್ನೊಡನೆ ಕನ್ನಡ ಆಡಲಿಲ್ಲ. ಸಿಟ್ಟಿಲ್ಲ, ಕೆಲಸದಲ್ಲಿ ಕೊರತೆಯಿಲ್ಲ, ಕನ್ನಡ ಮಾತ್ರ ಇಲ್ಲ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ. ಕಂಪನಿಯ ಪಾಕಿಸ್ತಾನಿ ಡ್ರೈವರನೊಡನೆ ಅವರು ಆಡುತ್ತಿದ್ದ ಅದೇ ಹಿಂದಿ. ಮೊದಮೊದಲು ನನಗೆ ಕೋಪ ಬರುತ್ತಿತ್ತು, ನಾನೇನು ಕಂಪನಿಯ ಯಜಮಾನನೇ ಎಂದು. ಆಮೇಲೆ ಕೋಪವೂ ನಿಂತಿತು, ಸೈಟಿಗೆ ಹೋಗುವುದೇ ಬೇಸರವಾಯಿತು.

ಅವರು ಕೆಲಸ ಬಿಟ್ಟು ಊರಿಗೆ ಹೊರಟ ದಿನ ಕ್ಯಾಂಪಿನ ಬಸ್ಸಿನ ಬಳಿ ಹೋಗಿ ಕೈ ಕುಲುಕಿದೆ.

"ಶುಕ್ರಿಯಾ ಸಾಬ್," ಎಂದರು.

ತಪ್ಪಾಯಿತು ಮೇಸ್ತ್ರಿ ಎಂಬ ಮಾತು ಬಾಯಲ್ಲೇ ಇತ್ತು. "ಪಾಸ್‌ಪೋರ್ಟ್, ಟಿಕೆಟ್ ಎಲ್ಲ ಇಟ್ಟುಕೊಂಡಿದ್ದೀರಲ್ಲ?" ಎಂದು ಕೇಳಿದೆ. ಅವರು ಅಂಗಿಯ ಜೇಬು ಮುಟ್ಟಿ ತೋರಿಸಿ ಬಸ್ಸು ಹತ್ತಿದರು.